ಫ್ರೀ ವೆಬ್‌ಸೈಟ್ ಸರಿ, ಹೆಸರು ಯಾರದ್ದು?

ಅಂಗಡಿ ಇಟ್ಟುಕೊಂಡವರಿಗೆ, ಹೋಮ್‌ಸ್ಟೇ ನಡೆಸುವವರಿಗೆ, ಮನೆಯಲ್ಲೇ ಹಪ್ಪಳ ಉಪ್ಪಿನಕಾಯಿ ಮಾಡಿ ಮಾರುವವರಿಗೆ ಆಗಾಗ ಇಂಥ ಮೆಸೇಜ್ ಬರುತ್ತಿರುತ್ತದೆ: ನಿಮ್ಮ ವ್ಯಾಪಾರಕ್ಕೆ ಫ್ರೀ ವೆಬ್‌ಸೈಟ್, ಒಂದು ರೂಪಾಯಿಯೂ ಬೇಡ, ಹತ್ತು ನಿಮಿಷದಲ್ಲಿ ರೆಡಿ. ಯಾರೂ ಸುಮ್ನೆ ಏನನ್ನೂ ಕೊಡುವುದಿಲ್ಲ ಅನ್ನೋದನ್ನು ವ್ಯಾಪಾರಸ್ಥರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅವರಿಗೂ ಅನುಮಾನ ಇರುತ್ತದೆ. ಆದರೆ ಆ ಅನುಮಾನ ದುಡ್ಡಿನ ಸುತ್ತಲೇ ಇರುತ್ತದೆ: ಮುಂದಿನ ವರ್ಷ ಎಷ್ಟು ಕೇಳುತ್ತಾರೋ, ಆಮೇಲೆ ಏನು ಸಿಕ್ಕಿಸುತ್ತಾರೋ.

ನನ್ನ ಲೆಕ್ಕದಲ್ಲಿ ದುಡ್ಡು ಇಲ್ಲಿ ಚಿಕ್ಕ ವಿಷಯ. ದೊಡ್ಡ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಇಂಟರ್‌ನೆಟ್‌ನಲ್ಲಿ ಜನ ನಿಮ್ಮನ್ನು ಹುಡುಕಿಕೊಂಡು ಬರುವ ವಿಳಾಸ ಇದೆಯಲ್ಲ, ಅದು ಯಾರ ಕೈಯಲ್ಲಿದೆ ಅನ್ನೋದೇ ಆ ಖರ್ಚು.

ಗೂಗಲ್ ನಮ್ಮ ದೇಶದಲ್ಲಿ ಎರಡು ಸಲ ಮಾಡಿದ್ದನ್ನೇ ಅಕ್ಕಪಕ್ಕ ಇಟ್ಟು ನೋಡಿ, ಅರ್ಥವಾಗುತ್ತದೆ. 2011ರ ನವೆಂಬರ್‌ನಲ್ಲಿ ಗೂಗಲ್ ಕಂಪನಿ, ವೆಬ್‌ಸೈಟ್‌ಗಳಿಗೆ ಜಾಗ ಕೊಡುವ ಹೋಸ್ಟ್‌ಗೇಟರ್ ಅನ್ನುವ ಕಂಪನಿ ಜೊತೆ ಸೇರಿ ಭಾರತದ ಸಣ್ಣ ವ್ಯಾಪಾರಿಗಳಿಗಾಗಿ ಒಂದು ಯೋಜನೆ ತಂದಿತು. ಡಾಟ್ ಇನ್ ಅಂತ ಕೊನೆಯಾಗುವ ವಿಳಾಸ, ಹೋಸ್ಟಿಂಗ್ ಅಂದರೆ ಸೈಟ್ ಇಡುವ ಜಾಗ, ಎರಡೂ ಒಂದು ವರ್ಷ ಪುಕ್ಕಟೆ. ಮೂರು ವರ್ಷದಲ್ಲಿ 5 ಲಕ್ಷ ವ್ಯಾಪಾರಗಳನ್ನು ಆನ್‌ಲೈನ್‌ಗೆ ತರಬೇಕು ಅನ್ನೋದು ಗುರಿ. ವರ್ಷ ಮುಗಿದ ಮೇಲೆ ಬೇಕು ಅನ್ನುವವರು ದುಡ್ಡು ಕಟ್ಟಿ ಮುಂದುವರಿಸಬೇಕಿತ್ತು. ಇದನ್ನು ನೋಡಿ ಆಗ ಅನೇಕರು ಹೇಳಿದ್ದು, ಓಹೋ ಒಂದು ವರ್ಷ ರುಚಿ ತೋರಿಸಿ ಆಮೇಲೆ ಬಿಲ್ ಹಾಕೋ ಆಟ ಇದು ಅಂತ. ಮಾತು ಸುಳ್ಳೇನಲ್ಲ.

ಆಮೇಲೆ 2017ರ ಜನವರಿಯಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ದೆಹಲಿಗೆ ಬಂದು ಸಣ್ಣ ವ್ಯಾಪಾರಿಗಳ ಮುಂದೆ ಇನ್ನೊಂದು ಘೋಷಣೆ ಮಾಡಿದರು. ಈ ಸಲ ಒಂದು ವರ್ಷದ ಮಿತಿಯೂ ಇಲ್ಲ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಅಂಗಡಿಯ ವಿವರ ತುಂಬಿದ್ದರೆ ಸಾಕು, ಅದರಿಂದಲೇ ಒಂದು ಸರಳ ವೆಬ್‌ಸೈಟ್ ತಾನಾಗಿ ತಯಾರಾಗುತ್ತದೆ, ಮೊಬೈಲ್‌ನಲ್ಲೇ ಎಲ್ಲ ಮುಗಿಯುತ್ತದೆ, ದುಡ್ಡಿನ ಮಾತೇ ಇಲ್ಲ. ಅದು ಚೆನ್ನಾಗಿಯೂ ಇತ್ತು. ಕಂಪ್ಯೂಟರ್ ಮುಟ್ಟದವರೂ ಮಾಡಿಕೊಳ್ಳಬಹುದಿತ್ತು. ಆ ಸೈಟ್‌ಗಳ ವಿಳಾಸ ಮಾತ್ರ ಹೀಗಿರುತ್ತಿತ್ತು: ಮೊದಲು ನಿಮ್ಮ ಅಂಗಡಿಯ ಹೆಸರು, ಅದರ ಹಿಂದೆ ಬಿಸಿನೆಸ್ ಡಾಟ್ ಸೈಟ್ ಅಂತ. ಆ ಬಾಲ ಗೂಗಲ್‌ನದು.

ದುಡ್ಡಿನ ಕಣ್ಣಲ್ಲಿ ನೋಡಿದರೆ ಎರಡನೆಯದೇ ಒಳ್ಳೆಯ ಆಫರ್, ಅಲ್ವಾ? ಯಾವತ್ತೂ ಬಿಲ್ ಬರುವುದಿಲ್ಲ. ಆದರೆ 2011ರ ಯೋಜನೆಯಲ್ಲಿ ಸಿಕ್ಕಿದ್ದು ಸ್ವಂತ ಡಾಟ್ ಇನ್ ಹೆಸರು. ವರ್ಷ ಆದ ಮೇಲೆ ಆ ಕಂಪನಿ ಬೇಡ ಅನಿಸಿದರೆ ಹೆಸರನ್ನು ಇನ್ನೊಂದು ಕಡೆ ಒಯ್ಯಬಹುದಿತ್ತು. 2017ರದ್ದರಲ್ಲಿ ಒಯ್ಯುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ.

2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೈಟ್‌ಗಳನ್ನೆಲ್ಲ ಮುಚ್ಚಿತು. ಜೂನ್ 10ರವರೆಗೆ ಹಳೆಯ ವಿಳಾಸ ಒತ್ತಿದವರನ್ನು ಗೂಗಲ್‌ನಲ್ಲಿರುವ ಅಂಗಡಿಯ ಪ್ರೊಫೈಲ್‌ಗೆ ಕಳಿಸುತ್ತಿತ್ತು. ಅದಾದ ಮೇಲೆ ಅದೂ ಇಲ್ಲ, ಪುಟ ಸಿಗಲಿಲ್ಲ ಅನ್ನುವ ಉತ್ತರ ಮಾತ್ರ. ಆ ವಿಳಾಸಕ್ಕೆ ಜಾಹೀರಾತು ಕೊಟ್ಟು ದುಡ್ಡು ಹಾಕುತ್ತಿದ್ದವರ ಜಾಹೀರಾತುಗಳೂ ಮಾರ್ಚ್ 1ರಿಂದ ನಿಂತವು. ಮುಂದೇನು ಅಂತ ಕೇಳಿದವರಿಗೆ ಗೂಗಲ್ ಕೊಟ್ಟ ಪಟ್ಟಿಯಲ್ಲಿ ವಿಕ್ಸ್, ಸ್ಕ್ವೇರ್‌ಸ್ಪೇಸ್, ಗೋಡ್ಯಾಡಿ, ಶಾಪಿಫೈ ಎಲ್ಲ ಇದ್ದವು, ಅಂದರೆ ಬಹುಪಾಲು ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಜಾಗಗಳು.

ಗೂಗಲ್ ಇಲ್ಲಿ ಮೋಸ ಮಾಡಿತು ಅಂತ ನಾನು ಹೇಳುತ್ತಿಲ್ಲ. ಮೊದಲೇ ತಿಳಿಸಿತು, ಸ್ವಲ್ಪ ಸಮಯವನ್ನೂ ಕೊಟ್ಟಿತು. ತಾನು ಪುಕ್ಕಟೆ ಕೊಟ್ಟಿದ್ದನ್ನು ತಾನೇ ನಿಲ್ಲಿಸಿತು, ಅದು ಅವರ ಹಕ್ಕು. ಆದರೆ ಈ ಕಡೆ ಏನೇನು ಆಗಿರುತ್ತದೆ ಯೋಚಿಸಿ. ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿಗೆ ಹಾಕಿಸಿರುತ್ತೀರಿ, ಬಿಲ್ ಬುಕ್ಕಿನ ಮೇಲೆ ಅಚ್ಚು ಮಾಡಿಸಿರುತ್ತೀರಿ, ಡೆಲಿವರಿ ಗಾಡಿಯ ಮೇಲೆ ಬರೆಸಿರುತ್ತೀರಿ, ಪ್ಯಾಕೆಟ್ ಲೇಬಲ್ ಸಾವಿರಗಟ್ಟಲೆ ಪ್ರಿಂಟ್ ಹೊಡೆಸಿ ಗೋಡೌನಿನಲ್ಲಿ ಇಟ್ಟಿರುತ್ತೀರಿ. ಸಕಲೇಶಪುರದ ಕಡೆ ಹೋಮ್‌ಸ್ಟೇ ಇದ್ದರೆ ಘಾಟಿಯ ತಿರುವಿನಲ್ಲಿರುವ ಬೋರ್ಡಿನ ಮೇಲೂ ಅದೇ ಇರುತ್ತದೆ. ಹಳೆಯ ಗಿರಾಕಿ ಮೂರು ವರ್ಷ ಹಿಂದಿನ ಕಾರ್ಡ್ ತೆಗೆದು ನೋಡಿದರೆ ಸೈಟ್ ತೆರೆಯುವುದಿಲ್ಲ, ಓ ಇವರು ಬಾಗಿಲು ಹಾಕಿದರೇನೋ ಅಂದುಕೊಂಡು ಮುಂದಿನವರನ್ನು ಹುಡುಕುತ್ತಾನೆ. ಹಾಗೆ ಹೋದವರ ಲೆಕ್ಕ ಯಾರ ಪುಸ್ತಕದಲ್ಲೂ ಬರುವುದಿಲ್ಲ. ಬೇರೆಯವರ ಗೋಡೆ ಮೇಲೆ ನಮ್ಮ ಅಂಗಡಿ ಹೆಸರು ಬರೆಸಿದ ಹಾಗೆ ಇದು. ಗೋಡೆಯವರು ಸುಣ್ಣ ಬಳಿಯುವ ದಿನ ನಮ್ಮನ್ನು ಕೇಳಬೇಕಾಗಿಲ್ಲ.

ಈ ಕಥೆ ಹೊಸದೂ ಅಲ್ಲ. ಜಿಯೋಸಿಟೀಸ್ ಅಂತ ಒಂದು ಕಾಲದಲ್ಲಿ ಪುಕ್ಕಟೆ ವೆಬ್ ಪುಟಗಳ ದೊಡ್ಡ ಜಾಗ ಇತ್ತು. 1999ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು, 2009ರಲ್ಲಿ ಮುಚ್ಚಿತು. ಇನ್ನೊಂದು ಫ್ರೀನಮ್ ಅನ್ನುವ ನೆದರ್‌ಲೆಂಡ್ಸ್ ಕಂಪನಿಯದು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇವರು ಪುಕ್ಕಟೆ ಕೊಡುತ್ತಿದ್ದದ್ದು ಡೊಮೈನ್ ಹೆಸರನ್ನೇ, ಅಂದರೆ ಸೈಟಿನ ವಿಳಾಸವನ್ನೇ. ಡಾಟ್ ಟಿಕೆ, ಡಾಟ್ ಎಂಎಲ್, ಡಾಟ್ ಜಿಎ ಅಂತ ಕೊನೆಯಾಗುವ ಹೆಸರುಗಳು. ಟೊಕೆಲಾವು, ಮಾಲಿ, ಗ್ಯಾಬೊನ್ ಇಂಥ ದೇಶ, ಪ್ರದೇಶಗಳಿಗೆ ಸೇರಿದ ಬಾಲಗಳು ಅವು. ನಮ್ಮಲ್ಲೂ ಕಾಲೇಜು ಹುಡುಗರಿಂದ ಹಿಡಿದು ಸಣ್ಣ ಅಂಗಡಿಗಳವರೆಗೆ ಅದನ್ನು ಬಳಸಿದವರಿದ್ದಾರೆ. ಸ್ವಂತ ಹೆಸರು ಸಿಕ್ಕಿತು ಅನ್ನೋದು ಅವರ ಭಾವನೆ. ಷರತ್ತು ಓದಿದರೆ ಗೊತ್ತಾಗುತ್ತಿತ್ತು, ಪುಕ್ಕಟೆ ಹೆಸರಿನ ಮಾಲೀಕ ಆ ಕಂಪನಿಯೇ, ನಿಮಗೆ ಬಳಸುವ ಅನುಮತಿ ಅಷ್ಟೇ.

ಪುಕ್ಕಟೆ ಅಂದ ಮೇಲೆ ಕಳ್ಳರೂ ಬಂದರು. ಬ್ಯಾಂಕಿನ ಹೆಸರಲ್ಲಿ, ಫೇಸ್‌ಬುಕ್ ಹೆಸರಲ್ಲಿ ನಕಲಿ ಪುಟ ಮಾಡಿ ಪಾಸ್‌ವರ್ಡ್ ಕದಿಯುವವರಿಗೆ ಆ ಬಾಲಗಳು ಇಷ್ಟವಾದವು. ಆಮೇಲೆ ಆ ಬಾಲ ಇರುವ ಎಲ್ಲ ವಿಳಾಸಗಳ ಮೇಲೂ ಅನುಮಾನ ಶುರುವಾಯಿತು. ಆಂಟಿವೈರಸ್‌ಗಳು ತಡೆದವು, ಮೇಲ್‌ಗಳು ಸ್ಪ್ಯಾಮ್‌ಗೆ ಬಿದ್ದವು. ಒಳ್ಳೆಯವರಿಗೂ ಅದೇ ಗತಿ. ಕೊನೆಗೆ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಫ್ರೀನಮ್ ಮೇಲೆ ಕೇಸ್ ಹಾಕಿತು, 2023ರಲ್ಲಿ ಹೊಸ ಹೆಸರು ಕೊಡುವುದು ನಿಂತಿತು, 2024ರ ಫೆಬ್ರವರಿಯಲ್ಲಿ ರಾಜಿ ಆಗಿ ಫ್ರೀನಮ್ ಡೊಮೈನ್ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಗ್ಯಾಬೊನ್ ದೇಶ ಅಷ್ಟರೊಳಗೆ ತನ್ನ ಬಾಲವನ್ನು ವಾಪಸ್ ತೆಗೆದುಕೊಂಡಾಗಿತ್ತು. ಪುಕ್ಕಟೆ ಹೆಸರಿನ ಮೇಲೆ ವ್ಯಾಪಾರ ಕಟ್ಟಿದವರನ್ನು ಈ ಜಗಳದಲ್ಲಿ ಯಾರೂ ಕೇಳಲಿಲ್ಲ.

ಇಮೇಲ್ ವಿಷಯದಲ್ಲೂ ಇದೇ ಆಗಿದೆ. ಸ್ವಂತ ಡೊಮೈನ್ ಹೆಸರಿಗೆ ಜಿಮೇಲ್ ಜೋಡಿಸಿಕೊಳ್ಳುವ ಸೌಲಭ್ಯವನ್ನು ಗೂಗಲ್ 2006ರಿಂದ ಪುಕ್ಕಟೆ ಕೊಟ್ಟಿತ್ತು. 2012ರ ಡಿಸೆಂಬರ್‌ನಲ್ಲಿ ಹೊಸಬರಿಗೆ ನಿಲ್ಲಿಸಿತು. ಹಳಬರು ಪುಕ್ಕಟೆಯಾಗಿಯೇ ಬಳಸಿಕೊಂಡು ಇದ್ದರು. 2022ರ ಜನವರಿಯಲ್ಲಿ ಅವರಿಗೂ ಹೇಳಿತು, ಇನ್ನು ದುಡ್ಡು ಕಟ್ಟಿ ಅಂತ. ಗಲಾಟೆ ಆದ ಮೇಲೆ ಮನೆ ಬಳಕೆಯವರನ್ನು ಬಿಟ್ಟಿತು, ವ್ಯಾಪಾರಕ್ಕೆ ಬಳಸುವವರು ಕಟ್ಟಲೇಬೇಕಾಯಿತು. ಆದರೆ ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಡೊಮೈನ್ ಅವರದ್ದೇ ಆಗಿದ್ದರಿಂದ, ಗೂಗಲ್ ಬೇಡ ಅನಿಸಿದವರು ಅದೇ ಇಮೇಲ್ ವಿಳಾಸ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಬಹುದಿತ್ತು. ತಲೆಬಿಸಿ ಆಯಿತು ನಿಜ, ವಿಳಾಸ ಮಾತ್ರ ಉಳಿಯಿತು.

ಇವು ದೊಡ್ಡ ಕಂಪನಿಗಳ ಮಾತಾಯಿತು. ನಮ್ಮ ಊರುಗಳಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ ಅಲ್ಲ, ವೆಬ್‌ಸೈಟ್ ಮಾಡಿಕೊಡುವ ಹುಡುಗರ ಹತ್ತಿರ. ನಿಮ್ಮ ಫೇಸ್‌ಬುಕ್ ಜಾಹೀರಾತು ನಮಗೆ ಕೊಡಿ ಸಾರ್, ವೆಬ್‌ಸೈಟ್ ಫ್ರೀ ಮಾಡಿಕೊಡುತ್ತೇವೆ ಅನ್ನುತ್ತಾರೆ. ಅಥವಾ, ಸೈಟ್ ಫ್ರೀ, ಹೋಸ್ಟಿಂಗ್ ಚಾರ್ಜ್ ಮಾತ್ರ ಕೊಡಿ. ಇವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಹತ್ತಾರು ಗಿರಾಕಿಗಳ ಕೆಲಸ ಒಬ್ಬನೇ ಮಾಡುತ್ತಿರುತ್ತಾನೆ, ಪ್ರತಿಯೊಬ್ಬರಿಗೂ ಬೇರೆ ಅಕೌಂಟ್ ತೆರೆದು, ಅವರ ಫೋನಿಗೆ ಬಂದ ಒಟಿಪಿ ಕೇಳಿ, ಅವರು ಅಂಗಡಿಯಲ್ಲಿ ಬ್ಯುಸಿ ಇದ್ದು ಫೋನ್ ಎತ್ತದೆ, ಇದೆಲ್ಲ ಯಾರಿಗೆ ಬೇಕು ಅಂತ ಎಲ್ಲರ ಡೊಮೈನನ್ನೂ ತನ್ನದೇ ಅಕೌಂಟಿನಲ್ಲಿ, ತನ್ನದೇ ಇಮೇಲ್ ಕೊಟ್ಟು ಕೊಂಡುಬಿಡುತ್ತಾನೆ. ಎರಡು ವರ್ಷ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ನಂಬರ್ ಬದಲಾಗುತ್ತದೆ. ರಿನ್ಯೂವಲ್‌ ನೋಟಿಸುಗಳು ಅವನು ನೋಡದ ಹಳೆಯ ಇಮೇಲ್‌ಗೆ ಬಂದು ಬೀಳುತ್ತಿರುತ್ತವೆ. ನಿಮಗೆ ಗೊತ್ತಾಗುವುದು ಸೈಟ್ ನಿಂತ ದಿನ.

ಕಾಗದದ ಲೆಕ್ಕದಲ್ಲಿ ಆ ಹೆಸರು ಯಾರ ವಿವರದಲ್ಲಿ ನೋಂದಣಿ ಆಗಿದೆಯೋ ಅವರದ್ದು. ನೀವು ಹತ್ತು ವರ್ಷ ಬಳಸಿದ್ದೀರಿ, ಬೋರ್ಡಿನ ಮೇಲೆ ನಿಮ್ಮ ಅಂಗಡಿಯ ಹೆಸರೇ ಇದೆ, ಇದೆಲ್ಲ ಡೊಮೈನ್ ಮಾರುವ ಕಂಪನಿಯ ಕಾಲ್ ಸೆಂಟರಿನವರಿಗೆ ಬೇಕಾಗಿಲ್ಲ. ಅಕೌಂಟ್ ಯಾರದೋ ಅವರ ಮಾತನ್ನಷ್ಟೇ ಅವರು ಕೇಳುತ್ತಾರೆ. ಹಾಗೆ ಕೇಳುವುದೇ ಸರಿ ಕೂಡ, ಇಲ್ಲದಿದ್ದರೆ ಫೋನ್ ಮಾಡಿದವರೆಲ್ಲ ಕಂಡವರ ಹೆಸರು ಎತ್ತಿಕೊಂಡು ಹೋಗುತ್ತಿದ್ದರು.

ಅವಧಿ ಮುಗಿದ ಹೆಸರಿಗೆ ಆಮೇಲೆ ಏನಾಗುತ್ತದೆ? ಡಾಟ್ ಕಾಮ್‌ನಂಥ ಹೆಸರಾದರೆ ಮೊದಲು ಕೆಲವು ದಿನ ಮಾಮೂಲಿ ದರದಲ್ಲೇ ಉಳಿಸಿಕೊಳ್ಳಬಹುದು, ಎಷ್ಟು ದಿನ ಅನ್ನೋದು ಕಂಪನಿ ಮೇಲೆ ಹೋಗುತ್ತದೆ. ಅದು ಮುಗಿದರೆ 30 ದಿನದ ಇನ್ನೊಂದು ಅವಧಿ ಇದೆ, ಆಗ ಬಿಡಿಸಿಕೊಳ್ಳುವುದಕ್ಕೆ ದಂಡದ ಥರ ಹೆಚ್ಚುವರಿ ಶುಲ್ಕ, ಅದು ಸಾವಿರಗಳಲ್ಲಿ. ಆಮೇಲೆ 5 ದಿನ ಯಾರೂ ಏನೂ ಮಾಡುವ ಹಾಗಿಲ್ಲ. ಅದಾದ ಮೇಲೆ ಹೆಸರು ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಇಂಥ ಹೆಸರುಗಳನ್ನು ಹಿಡಿಯುವುದಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಇಟ್ಟುಕೊಂಡು ಕಾಯುವವರೇ ಇದ್ದಾರೆ. ಹಳೆಯ ಹೆಸರಿಗೆ ಗೂಗಲ್ ಹುಡುಕಾಟದಲ್ಲಿ ಒಂದಿಷ್ಟು ಬೆಲೆ ಇರುತ್ತದೆ, ಅದಕ್ಕೆ. ನಿನ್ನೆವರೆಗೆ ಸೀರೆ ತೋರಿಸುತ್ತಿದ್ದ ವಿಳಾಸದಲ್ಲಿ ಇವತ್ತು ಜೂಜಿನ ಜಾಹೀರಾತು ಕಾಣುವುದು ಹೀಗೆ.

ಅದಕ್ಕಿಂತ ದೊಡ್ಡ ಅಪಾಯ ಇಮೇಲ್‌ನದು, ಇದರ ಬಗ್ಗೆ ಜನ ಮಾತಾಡುವುದೇ ಕಡಿಮೆ. ಹೆಸರು ಕೊಂಡವರು ಆ ಹೆಸರಿನ ಎಲ್ಲ ಇಮೇಲ್ ವಿಳಾಸಗಳನ್ನೂ ತಮ್ಮ ಕಡೆ ತಿರುಗಿಸಿಕೊಳ್ಳಬಹುದು. ನೀವು ಜಿಎಸ್‌ಟಿ ನೋಂದಣಿಗೆ, ಬ್ಯಾಂಕಿಗೆ, ಆನ್‌ಲೈನ್‌ನಲ್ಲಿ ಹಣ ಪಡೆಯುವ ಪೇಮೆಂಟ್ ಗೇಟ್‌ವೇಗೆ ಅಂಗಡಿ ಹೆಸರಿನ ಇಮೇಲ್ ಕೊಟ್ಟಿದ್ದರೆ, ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿದಾಗ ಬರುವ ಮೇಲ್ ಇನ್ನು ಅವರಿಗೆ ಹೋಗುತ್ತದೆ. ಫೋನಿಗೆ ಒಟಿಪಿ ಬರುವ ಕಡೆ ಸ್ವಲ್ಪ ಬಚಾವ್. ಬರೀ ಇಮೇಲ್ ನಂಬಿಕೊಂಡಿರುವ ಕಡೆ ದೇವರೇ ಗತಿ.

ಈಗ ದುಡ್ಡಿನ ಮಾತಿಗೆ ಬರೋಣ, ಚಿಕ್ಕದು ಅಂದೆ, ಹಾಗಂತ ಇಲ್ಲವೇ ಇಲ್ಲ ಅಂತಲ್ಲ. ಹೋಸ್ಟಿಂಗ್ ಮಾರುವವರ ಪುಟದಲ್ಲಿ ದೊಡ್ಡದಾಗಿ ತಿಂಗಳಿಗೆ 149 ರೂಪಾಯಿ, ಡೊಮೈನ್ ಫ್ರೀ ಅಂತ ಇದೆ ಅಂದುಕೊಳ್ಳಿ. ಆ ದರ ಸಿಗಬೇಕಾದರೆ 48 ತಿಂಗಳದ್ದು ಒಟ್ಟಿಗೆ ಕಟ್ಟಬೇಕು ಅನ್ನೋದು ಸಣ್ಣ ಅಕ್ಷರದಲ್ಲಿ. ಗುಣಿಸಿದರೆ 7,152 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಲ್ಲಿಗೆ 8,439 ದಾಟಿತು. ಜಿಎಸ್‌ಟಿ ನೋಂದಣಿ ಇರುವ ದೊಡ್ಡ ವ್ಯಾಪಾರಿ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಕಳೆದುಕೊಳ್ಳುತ್ತಾನೆ. ನೋಂದಣಿ ಇಲ್ಲದ ಚಿಕ್ಕವರಿಗೆ, ವಹಿವಾಟಿನ ಮೇಲೆ ಸರಳ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಅದು ಪೂರ್ತಿ ಖರ್ಚೇ. ಫ್ರೀ ಡೊಮೈನ್ ಇರೋದು ಮೊದಲ ವರ್ಷ ಮಾತ್ರ, ಹೋಸ್ಟಿಂಗ್ ನಾಲ್ಕು ವರ್ಷ ಇದ್ದರೂ ಡೊಮೈನಿಗೆ ಎರಡನೇ ವರ್ಷದಿಂದ ಬೇರೆ ಬಿಲ್. ನಾಲ್ಕು ವರ್ಷ ಕಳೆದು ಹೋಸ್ಟಿಂಗ್ ರಿನ್ಯೂ ಮಾಡುವಾಗ ಹಳೆಯ ದರ ಇರುವುದಿಲ್ಲ, ಎರಡರಷ್ಟು ಮೂರರಷ್ಟು ಕೇಳಿದರೂ ಆಶ್ಚರ್ಯ ಪಡಬೇಡಿ. ಕೊಳ್ಳುವ ಮುಂಚೆ ನೋಡಬೇಕಾದ್ದು ರಿನ್ಯೂವಲ್ ದರ ಒಂದೇ, ಮಿಕ್ಕಿದ್ದೆಲ್ಲ ಅಲಂಕಾರ.

ದುಡ್ಡು ಕಟ್ಟುವ ಪುಟಕ್ಕೆ ಹೋಗುವಷ್ಟರಲ್ಲಿ ಬುಟ್ಟಿಗೆ ಇನ್ನೆರಡು ಸಾಮಾನು ಬಿದ್ದಿರುವುದೂ ಉಂಟು. ವೈರಸ್ ತಪಾಸಣೆ, ಬ್ಯಾಕಪ್, ಎಸ್‌ಎಸ್‌ಎಲ್ ಸರ್ಟಿಫಿಕೇಟ್. ಈ ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಸೈಟಿನ ವಿಳಾಸ ಎಚ್‌ಟಿಟಿಪಿಎಸ್ ಅಂತ ಶುರುವಾಗಬೇಕಾದರೆ, ಅಂದರೆ ನಡುವೆ ಯಾರೂ ಕದ್ದು ಓದದ ಹಾಗೆ ಇರಬೇಕಾದರೆ ಇದು ಬೇಕು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಇದಿಲ್ಲದ ಸೈಟ್‌ಗಳನ್ನೆಲ್ಲ ಸುರಕ್ಷಿತ ಅಲ್ಲ ಅಂತ ತೋರಿಸುತ್ತದೆ, ಹಾಗಾಗಿ ಹೆದರಿಸಿ ಮಾರುವುದು ಸುಲಭ. ಆದರೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಲಾಭರಹಿತ ಸಂಸ್ಥೆಯ ವ್ಯವಸ್ಥೆ 2015ರ ಡಿಸೆಂಬರ್‌ನಿಂದ ಈ ಸರ್ಟಿಫಿಕೇಟನ್ನು ನಿಜವಾಗಿಯೂ ಪುಕ್ಕಟೆ ಕೊಡುತ್ತಿದೆ. ಸಣ್ಣ ಅಂಗಡಿಯ ಸೈಟಿಗೆ ಅದೇ ಸಾಕು. ಫ್ರೀ ಅಂತ ಕರೆದು ಫ್ರೀಯಾಗಿ ಸಿಗುವುದನ್ನೇ ದುಡ್ಡಿಗೆ ಮಾರುತ್ತಾರೆ, ನೋಡಿ.

ಬುಟ್ಟಿಗೆ ಹೀಗೆ ಕೇಳದೆ ಸಾಮಾನು ತುರುಕುವುದು, ಮೊದಲು ಒಂದು ಬೆಲೆ ತೋರಿಸಿ ಕೊನೆಗೆ ಇನ್ನೊಂದು ಹೇಳುವುದು, ಹತ್ತೇ ನಿಮಿಷ ಉಳಿದಿದೆ ಅಂತ ಸುಳ್ಳು ಗಡಿಯಾರ ಓಡಿಸುವುದು, ಚಂದಾ ನಿಲ್ಲಿಸುವ ಬಟನ್ ಬಚ್ಚಿಡುವುದು, ಇವೆಲ್ಲ ನಮ್ಮಲ್ಲಿ ಈಗ ತಪ್ಪು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಆಟಗಳನ್ನು ಹೆಸರಿಸಿ ನಿಷೇಧಿಸಿದೆ. ನಿಷೇಧ ಇದೆ ಅಂದ ಮಾತ್ರಕ್ಕೆ ಎಲ್ಲರೂ ನಿಲ್ಲಿಸಿದ್ದಾರೆ ಅಂತ ಅಲ್ಲ, ಅದು ಬೇರೆ ವಿಷಯ.

ತಾನಾಗಿ ದುಡ್ಡು ಕಟ್ಟಾಗುವ ವ್ಯವಸ್ಥೆಯಲ್ಲೂ ನಮ್ಮ ದೇಶಕ್ಕೇ ಸೇರಿದ ಒಂದು ಕೊಕ್ಕೆ ಇದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಬಿಗಿ ಮಾಡಿತು. ಕಾರ್ಡಿನಿಂದ ಪ್ರತಿ ತಿಂಗಳೋ ವರ್ಷವೋ ಹಣ ತೆಗೆಯಬೇಕಾದರೆ ಮೊದಲು ಒಟಿಪಿ ಕೊಟ್ಟು ಒಪ್ಪಿಗೆ ನೋಂದಾಯಿಸಬೇಕು, ಹಣ ತೆಗೆಯುವ 24 ಗಂಟೆ ಮುಂಚೆ ತಿಳಿಸಬೇಕು. ಒಳ್ಳೆಯ ನಿಯಮ, ಎಷ್ಟೋ ಜನರ ದುಡ್ಡು ಉಳಿಸಿದೆ. ಆದರೆ ವಿದೇಶಿ ಕಂಪನಿಯಲ್ಲಿ ಡೊಮೈನ್ ಕೊಂಡು, ರಿನ್ಯೂವಲ್ ತಾನಾಗಿ ಆಗುತ್ತದೆ ಅಂತ ನಿಶ್ಚಿಂತೆಯಿಂದ ಕೂತವರಿಗೆ ಇದು ತಿರುಗಿ ಹೊಡೆಯಬಹುದು. ಆ ಕಂಪನಿ ನಮ್ಮ ನಿಯಮಕ್ಕೆ ಹೊಂದಿಕೊಂಡಿಲ್ಲದಿದ್ದರೆ ಬ್ಯಾಂಕ್ ಪಾವತಿ ತಿರಸ್ಕರಿಸುತ್ತದೆ, ಕಂಪನಿಯ ಮೇಲ್ ಸ್ಪ್ಯಾಮ್‌ನಲ್ಲಿ ಕೂತಿರುತ್ತದೆ, ಹೆಸರು ಮೇಲೆ ಹೇಳಿದ ದಾರಿ ಹಿಡಿಯುತ್ತದೆ. ಡೊಮೈನಿನ ಕೊನೆಯ ತಾರೀಖನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಗುರುತು ಹಾಕಿಕೊಳ್ಳುವುದೇ ವಾಸಿ.

ಫ್ರೀ ಪ್ಲಾನಿನ ಸೈಟ್‌ಗಳಲ್ಲಿ ಇನ್ನೂ ಎರಡು ಮೂರು ಸಣ್ಣ ಕಿರಿಕಿರಿಗಳಿವೆ. ವಿಕ್ಸ್, ವರ್ಡ್‌ಪ್ರೆಸ್ ಡಾಟ್ ಕಾಮ್ ಇವುಗಳ ಪುಕ್ಕಟೆ ಪ್ಲಾನಿನಲ್ಲಿ ಅವರ ಬಾಲವೂ ಇರುತ್ತದೆ, ಅವರು ಹಾಕುವ ಜಾಹೀರಾತೂ ಇರುತ್ತದೆ. ಅಲ್ಲಿ ಏನು ಬರಬೇಕು ಅನ್ನೋದು ನಿಮ್ಮ ಕೈಯಲ್ಲಿಲ್ಲ. ವಿಕ್ಸ್‌ನಲ್ಲಿ ಮಾಡಿದ ಸೈಟನ್ನು ಹಾಗೇ ಎತ್ತಿ ಬೇರೆ ಹೋಸ್ಟಿಂಗಿಗೆ ಇಡಲು ಆಗುವುದಿಲ್ಲ, ಮೊದಲಿಂದ ಕಟ್ಟಬೇಕು. ವರ್ಡ್‌ಪ್ರೆಸ್, ಗೂಗಲ್‌ನದೇ ಆದ ಬ್ಲಾಗರ್ ಆದರೆ ಬರೆದಿದ್ದನ್ನೆಲ್ಲ ಇಳಿಸಿಕೊಳ್ಳುವ ದಾರಿ ಇದೆ. ವಿಚಾರಣೆ ಫಾರಂ ಇಟ್ಟು ಗಿರಾಕಿಗಳ ಹೆಸರು, ಫೋನ್ ನಂಬರ್ ಸೇರಿಸುತ್ತಿದ್ದರೆ ಅದು ಯಾರದೋ ಸರ್ವರಿನಲ್ಲಿ ಕೂತಿರುತ್ತದೆ, ಆದರೆ 2023ರ ದತ್ತಾಂಶ ರಕ್ಷಣೆ ಕಾಯ್ದೆ ಪ್ರಕಾರ ಅದರ ಜವಾಬ್ದಾರಿ ಸೇರಿಸಿದವರದು, ಅಂದರೆ ನಿಮ್ಮದು.

ಕನ್ನಡದ ಸೈಟ್ ಬೇಕು ಅನ್ನುವವರಿಗೆ ಇನ್ನೊಂದು ತಾಪತ್ರಯ. ಪುಕ್ಕಟೆ ಟೆಂಪ್ಲೇಟುಗಳನ್ನು ಇಂಗ್ಲಿಷ್ ಅಕ್ಷರ ನೋಡಿಕೊಂಡೇ ಮಾಡಿರುತ್ತಾರೆ. ಸಾಲಿನ ನಡುವೆ ಜಾಗ ಕಡಿಮೆ ಇರುತ್ತದೆ, ನಮ್ಮ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಇಲ್ಲವೇ ಅರ್ಧ ಕತ್ತರಿಸಿ ಹೋಗುತ್ತದೆ. ಪ್ರಿಂಟಿಂಗ್ ಪ್ರೆಸ್‌ನವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟಿದ್ದನ್ನು ಹಾಗೇ ಅಂಟಿಸಿದರಂತೂ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಮೊದಲು ಎಲ್ಲ ಕಂಪ್ಯೂಟರ್, ಮೊಬೈಲುಗಳಲ್ಲೂ ಓದಬಹುದಾದ ಯುನಿಕೋಡ್‌ಗೆ ಬದಲಿಸಬೇಕು. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಇಂಥ ಒಳ್ಳೆಯ ಅಕ್ಷರಗಳು ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಇವೆ. ಆದರೆ ಎಷ್ಟೋ ಫ್ರೀ ಪ್ಲಾನುಗಳಲ್ಲಿ ಫಾಂಟ್ ಬದಲಿಸುವ ಅವಕಾಶಕ್ಕೇ ದುಡ್ಡು ಕೊಡಬೇಕು.

ಹಾಗಾದರೆ ಫ್ರೀ ಅಂದ್ರೆ ದೂರ ಇರಬೇಕಾ? ಬೇಡ. ನಿಜ ಹೇಳಬೇಕಂದ್ರೆ ಬೀದಿ ಬದಿಯ ಕಾಂಡಿಮೆಂಟ್ಸ್‌ಗೆ, ಟೈಲರ್ ಅಂಗಡಿಗೆ, ಪಂಕ್ಚರ್ ಹಾಕುವವರಿಗೆ ವೆಬ್‌ಸೈಟೇ ಬೇಡ. ಗೂಗಲ್ ಮ್ಯಾಪಿನಲ್ಲಿ ಸರಿಯಾದ ಜಾಗ, ತೆರೆಯುವ ಹೊತ್ತು, ಫೋನ್ ನಂಬರ್, ನಾಲ್ಕು ಒಳ್ಳೆಯ ಫೋಟೋ ಇದ್ದರೆ ಮುಗಿಯಿತು. ಅದು ಪುಕ್ಕಟೆ, ಅಲ್ಲಿ ಕಳೆದುಕೊಳ್ಳುವುದಕ್ಕೆ ಸ್ವಂತ ವಿಳಾಸ ಅಂತಲೂ ಏನಿಲ್ಲ. ಆದರೆ ದೂರದ ಗಿರಾಕಿಗಳನ್ನು ನಂಬಿಕೊಂಡವರ ಮಾತು ಬೇರೆ. ಇಳಕಲ್ ಸೀರೆ ನೇರ ಮಾರುವವರು, ಚನ್ನಪಟ್ಟಣದ ಗೊಂಬೆಯವರು, ಕೊಡಗಿನ ಹೋಮ್‌ಸ್ಟೇಗಳವರು, ಇವರಿಗೆಲ್ಲ ವಿಳಾಸವೇ ಅಂಗಡಿ.

ಅವರು ಡೊಮೈನ್ ಹೆಸರೊಂದನ್ನು ದುಡ್ಡು ಕೊಟ್ಟು, ತಮ್ಮ ಹೆಸರಲ್ಲಿ, ತಮ್ಮ ಇಮೇಲ್ ಮತ್ತು ತಮ್ಮ ಫೋನ್ ನಂಬರ್ ಕೊಟ್ಟು ತಾವೇ ಕೊಳ್ಳಬೇಕು. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಬಾಬ್ತು. ಆ ಇಮೇಲ್ ಅದೇ ಡೊಮೈನಿನದ್ದಾಗಿರಬಾರದು, ಡೊಮೈನ್ ಹೋದರೆ ಬೀಗವೂ ಕೀಲಿಯೂ ಒಟ್ಟಿಗೆ ಹೋಗುತ್ತವೆ. ಮಿಕ್ಕಿದ್ದೆಲ್ಲ ಫ್ರೀ ಆದರೂ ಪರವಾಗಿಲ್ಲ. ಬ್ಲಾಗರ್‌ಗೆ ಇವತ್ತಿಗೂ ಸ್ವಂತ ಡೊಮೈನನ್ನು ಪುಕ್ಕಟೆ ಜೋಡಿಸಬಹುದು, ಹೋಸ್ಟಿಂಗಿಗೆ ಒಂದು ಪೈಸೆ ಇಲ್ಲ. ನೋಡಲು ಹಳೇ ಕಾಲದ್ದು ಅನಿಸಬಹುದು, ಆದರೆ ನಾಳೆ ಗೂಗಲ್ ಅದನ್ನೂ ಮುಚ್ಚಿದರೆ ಅದೇ ವಿಳಾಸವನ್ನು ಇನ್ನೊಂದು ಕಡೆ ತಿರುಗಿಸಿದರಾಯಿತು, ಬೋರ್ಡು ಬದಲಿಸುವ ಕೆಲಸ ಇಲ್ಲ. ಕ್ಯೂಆರ್ ಕೋಡ್ ಪ್ರಿಂಟ್ ಮಾಡಿಸುವಾಗಲೂ ಸ್ವಂತ ವಿಳಾಸವನ್ನೇ ನೇರ ಹಾಕಿಸಿ. ಆಮೇಲೆ ಬೇಕಾದಂತೆ ಬದಲಿಸಬಹುದು ಅಂತ ಮಾರುವ ಕ್ಯೂಆರ್ ಕೋಡುಗಳು ಮಧ್ಯದಲ್ಲಿ ಆ ಕಂಪನಿಯ ವಿಳಾಸದ ಮೂಲಕ ಹಾಯ್ದು ಬರುತ್ತವೆ, ಪುಕ್ಕಟೆ ಅವಧಿ ಮುಗಿದರೆ ಮೆನು ಕಾರ್ಡಿನ ಮೇಲಿರುವ ಕೋಡ್ ಸ್ಕ್ಯಾನ್ ಮಾಡಿದವರಿಗೆ ಆ ಕಂಪನಿಯ ಜಾಹೀರಾತು ಕಾಣಬಹುದು.

ಈಗಾಗಲೇ ಸೈಟ್ ಇರುವವರು ಇವತ್ತೇ ತಮ್ಮ ಡೊಮೈನನ್ನು ಹುಡುಕಿ ನೋಡಬಹುದು. ಹೂಈಸ್ ಅನ್ನುವ ಹುಡುಕಾಟದಲ್ಲಿ ಹೆಸರು ಯಾವ ಕಂಪನಿಯಲ್ಲಿ ನೋಂದಣಿ ಆಗಿದೆ, ಯಾವತ್ತು ಮುಗಿಯುತ್ತದೆ ಅನ್ನೋದು ಕಾಣುತ್ತದೆ. ಮಾಲೀಕರ ವಿವರವನ್ನು ಬಹಳ ಸಲ ಮುಚ್ಚಿರುತ್ತಾರೆ, ಅದಕ್ಕೆ ಮಾಡಿಕೊಟ್ಟವರನ್ನೇ ಕೇಳಬೇಕು. ಕೇಳುವಾಗ ಪಾಸ್‌ವರ್ಡ್ ಕೊಡಪ್ಪ ಅನ್ನಬೇಡಿ, ಅದರಲ್ಲಿ ಅವನ ಬೇರೆ ಗಿರಾಕಿಗಳದ್ದೂ ಇರುತ್ತದೆ, ಕೊಡುವುದಿಲ್ಲ. ಹೆಸರನ್ನು ಬೇರೆ ಕಂಪನಿಗೆ ಟ್ರಾನ್ಸ್‌ಫರ್ ಮಾಡಲು ಬೇಕಾಗುವ ಗುಟ್ಟಿನ ಕೋಡ್, ಅಂದರೆ ಆಥ್ ಕೋಡ್ ಕೊಡು ಅನ್ನಿ. ಡಾಟ್ ಕಾಮ್ ಥರದ ಹೆಸರುಗಳಿಗೆ ಇಂಟರ್‌ನೆಟ್ ಹೆಸರುಗಳ ಮೇಲಿನ ಸಂಸ್ಥೆ ಐಕ್ಯಾನ್ ಮಾಡಿರುವ ನಿಯಮದಲ್ಲಿ, ಮಾಲೀಕರು ಕೇಳಿದ 5 ದಿನದೊಳಗೆ ಕಂಪನಿ ಆ ಕೋಡ್ ಕೊಡಬೇಕು. ಆದರೆ ಮಾಲೀಕರು ಅಂತ ಅಲ್ಲಿ ಬರೆದಿರುವುದು ಅವನ ಹೆಸರಾದರೆ ಕೇಳಬೇಕಾದವನೂ ಅವನೇ, ಹಾಗಾಗಿ ಸಂಬಂಧ ಚೆನ್ನಾಗಿರುವಾಗಲೇ ಇದನ್ನು ಮುಗಿಸಿಕೊಳ್ಳಿ.

ಜಗಳ ಆದ ಮೇಲೆ ದಾರಿಗಳು ದುಬಾರಿ. ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಇದ್ದರೆ ಡಾಟ್ ಇನ್‌ಗೆ ನಮ್ಮಲ್ಲೇ ಒಂದು ವಿವಾದ ತೀರ್ಮಾನದ ವ್ಯವಸ್ಥೆ ಇದೆ. ಡಾಟ್ ಕಾಮ್ ಆದರೆ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋ ಮುಂದೆ ಹೋಗಬಹುದು, ಅಲ್ಲಿ ಶುಲ್ಕವೇ 1,500 ಡಾಲರ್‌ನಿಂದ ಶುರು, ನಮ್ಮ ಲೆಕ್ಕದಲ್ಲಿ ಲಕ್ಷದ ಮೇಲೆ. ಟ್ರೇಡ್‌ಮಾರ್ಕ್ ಅರ್ಜಿಗೆ ಸಣ್ಣ ವ್ಯಾಪಾರಿಗಳಿಗೆ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ, ಅದನ್ನು ಮೊದಲೇ ಮಾಡಿಸಿಟ್ಟವರು ಕಡಿಮೆ.

ಗ್ರಾಹಕ ಆಯೋಗಕ್ಕೂ ಹೋಗಬಹುದು. ವ್ಯಾಪಾರಕ್ಕೆ ಕೊಂಡಿದ್ದು ಅಂತ ಹೇಳಿ ವಾಪಸ್ ಕಳಿಸುತ್ತಾರೆ ಅನ್ನುವ ಭಯ ಕೆಲವರಿಗೆ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ವ್ಯಾಪಾರ ಮಾಡುವವರು ಕೊಂಡ ಸರಕಿನ ವಿಷಯದಲ್ಲಿ ಅವರನ್ನು ಗ್ರಾಹಕರು ಅಂತಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಸೇವೆಯ ಮಾತನ್ನು ಅಲ್ಲಿ ಬಿಡಿಸಿ ಹೇಳಿಲ್ಲ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಮೊದಲು 1915 ಸಹಾಯವಾಣಿಗೆ ಫೋನ್ ಮಾಡಿ ನೋಡಬಹುದು. ಆದರೆ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ: ಹಣ ಪಡೆಯದೆ ಪುಕ್ಕಟೆ ಕೊಟ್ಟ ಸೇವೆ ಈ ಕಾನೂನಿನ ಕೆಳಗೆ ಸೇವೆಯೇ ಅಲ್ಲ. ಹೋಸ್ಟಿಂಗಿಗೋ ಜಾಹೀರಾತಿಗೋ ಅವರಿಗೆ ಸಾವಿರ ರೂಪಾಯಿ ಕೊಟ್ಟ ಬಿಲ್ಲೋ ಯುಪಿಐ ದಾಖಲೆಯೋ ಇದ್ದರೆ ತೆಗೆದಿಟ್ಟುಕೊಳ್ಳಿ, ದೂರು ನಿಲ್ಲುವುದಕ್ಕೆ ಅದೇ ಆಧಾರ.